ವರದಾ ಹೊಳಿ ತಿರುವಿನ್ಯಾಗ ದಂಡಿ ಕೊಚ್ಚೂದು: ಯಾಕ, ಎಷ್ಟು, ಏನು ಮಾಡಬೇಕು?

ಹೊಳಿದಂಡಿ_ಹಾವೇರಿ

ಎಲ್ಲಾರಿಗೂ ನಮಸ್ಕಾರ್ರೀ. ಹಾವೇರಿ ತಾಲೂಕಿನ್ಯಾಗ ವರದಾ ಹೊಳಿ ದೊಡ್ಡದೊಂದು ತಿರುವು ತಗೊಳ್ಳೋ ಜಾಗದ ಬಗ್ಗೆ ಕೇಳಾಕತ್ತೀನಿ. ತಿರುವಿನ ಹೊರಗಿನ ದಂಡಿ ಸುಮಾರು 200 ಮೀಟರ್ ಉದ್ದ. ಬ್ಯಾಸಗಿ ನೀರಿನಿಂದ ಮ್ಯಾಲ 5 ಮೀಟರ್ ಎತ್ತರ ಐತಿ. ಮ್ಯಾಲಿನ 2 ಮೀಟರ್ ಎರಿ ಮಣ್ಣು, ಅದರ ಕೆಳಗ ರೇವಿ ಮಣ್ಣು, ಬುಡದಾಗ ಉಸುಕಿನ ಪದರ. ಎದುರು ದಂಡಿಗೆ ವರ್ಷಾ ವರ್ಷಾ ಉಸುಕು ಬಂದು ಬೀಳತೈತಿ, ಈ ಕಡೆ ಹೊಲ ಕುಸಿಯತೈತಿ.

ಒಂದು, ಹೊಳಿ ಯಾಕ ಒಂದ ಕಡೆ ಕಡೀತೈತಿ? ಎರಡು, ಇದು ಎಲ್ಲಿ ತನಕ ಬರಬಹುದು? ಮೂರು, ದಂಡಿ ಮ್ಯಾಲಿಂದ ಕಲ್ಲು ಸುರುವಿದ್ರ ಎರಡು ವರ್ಷಕ್ಕ ಕಲ್ಲ ಸಮೇತ ಹೊಳಿ ಪಾಲ ಆಗತೈತಿ, ಅದು ಯಾಕ? ಗೊತ್ತಿದ್ದವರು ಲೆಕ್ಕ ಸಮೇತ ಹೇಳ್ರಿ.

ಭೂಗೋಳ_ಮಾಸ್ತರ

ಮೊದಲ ಪ್ರಶ್ನೆ ನಾನು ತಗೊಳ್ತೇನೆ.

ಒಂದು ಗಾಜಿನ ಲೋಟದಲ್ಲಿ ಸೋಸದ ಚಹಾ ಹಾಕಿ ಚಮಚದಿಂದ ಜೋರಾಗಿ ತಿರುವಿ, ಚಮಚ ತೆಗೆಯಿರಿ. ಚಹಾಪುಡಿ ಅಂಚಿಗೆ ಹೋಗುವುದಿಲ್ಲ, ತಳದ ನಡುವೆ ಬಂದು ಗುಡ್ಡೆಯಾಗುತ್ತದೆ. ತಿರುಗುವ ನೀರು ಅಂಚಿನ ಕಡೆ ತುಸು ಎತ್ತರಕ್ಕೆ ಏರಿರುತ್ತದೆ, ಹಾಗಾಗಿ ಅಲ್ಲಿ ಒತ್ತಡ ಹೆಚ್ಚು. ಮೇಲಿನ ನೀರಿಗೆ ವೇಗ ಇರುವುದರಿಂದ ಆ ಒತ್ತಡಕ್ಕೆ ಎದುರಾಗಿ ಅಂಚಿನಲ್ಲೇ ನಿಲ್ಲುತ್ತದೆ. ತಳದ ನೀರು ಲೋಟಕ್ಕೆ ಉಜ್ಜಿ ವೇಗ ಕಳೆದುಕೊಂಡಿರುತ್ತದೆ, ಅದಕ್ಕೆ ಆ ಬಲ ಇಲ್ಲ. ಒತ್ತಡ ಅದನ್ನು ನಡುವಿಗೆ ತಳ್ಳುತ್ತದೆ, ಪುಡಿಯೂ ಅದರ ಜೊತೆ ಬರುತ್ತದೆ. ಐನ್‌ಸ್ಟೈನ್ 1926ರಲ್ಲಿ ನದಿ ತಿರುವಿನ ಬಗ್ಗೆ ಬರೆದ ಪುಟ್ಟ ಲೇಖನದಲ್ಲಿ ಇದೇ ಚಹಾ ಲೋಟ ಇಟ್ಟುಕೊಂಡು ವಿವರಿಸಿದ್ದರು.

ಹೊಳೆಯ ತಿರುವು ಆ ಲೋಟದ ಒಂದು ತುಂಡು ಎಂದುಕೊಳ್ಳಿ. ಮೇಲ್ಮೈ ನೀರು ಹೊರದಂಡೆಗೆ ಹೊಡೆದು ಕೆಳಗಿಳಿಯುತ್ತದೆ, ದಂಡೆಯ ಬುಡವನ್ನು ಕೆರೆದು, ತಳದ ಮೇಲೆ ಹಾದು ಒಳದಂಡೆಯ ಕಡೆ ಏರುತ್ತದೆ. ಮುಂದಕ್ಕೆ ಹರಿಯುತ್ತಲೇ ಹೀಗೆ ಅಡ್ಡಲಾಗಿಯೂ ಸುತ್ತುವುದರಿಂದ ನೀರು ಹಗ್ಗ ಹೊಸೆದ ಹಾಗೆ ತಿರುಚಿಕೊಂಡು ಸಾಗುತ್ತದೆ. ಹೊರದಂಡೆಯ ಬುಡದಲ್ಲಿ ಮಡು, ಒಳದಂಡೆಯಲ್ಲಿ ಉಸುಕಿನ ದಿಬ್ಬ.

ಹೊರಬದಿಗೆ ನೀರು ಎಷ್ಟು ಏರುತ್ತದೆ ಎಂದು ಲೆಕ್ಕ ಹಾಕಬಹುದು: ವೇಗದ ವರ್ಗವನ್ನು ಹೊಳೆಯ ಅಗಲದಿಂದ ಗುಣಿಸಿ, ತಿರುವಿನ ತ್ರಿಜ್ಯ ಮತ್ತು 9.81 ಎರಡರ ಗುಣಲಬ್ಧದಿಂದ ಭಾಗಿಸಿ. ವೇಗ ಸೆಕೆಂಡಿಗೆ 2 ಮೀಟರ್, ಅಗಲ 100 ಮೀಟರ್, ತ್ರಿಜ್ಯ 300 ಮೀಟರ್ ಇದ್ದರೆ ಸುಮಾರು 14 ಸೆಂ.ಮೀ. ಬರುತ್ತದೆ. ಒಂದು ಗೇಣಿಗಿಂತ ಕಡಿಮೆ. ಕಣ್ಣಿಗೆ ಕಾಣದಷ್ಟು ಈ ಓರೆಯೇ ಇಡೀ ತಿರುವನ್ನು ನಡೆಸುತ್ತದೆ.

ಹೊಳಿದಂಡಿ_ಹಾವೇರಿ

ಚಲೋ ತಿಳೀತ್ರಿ ಮಾಸ್ತರ. ಅಂದ್ರ ಕಡಿತ ಮ್ಯಾಲಲ್ಲ, ಬುಡದಾಗ ಐತಿ ಅಂದಂಗಾತು. ಮತ್ತ ನೆಟ್ಟಗ ಹರಿಯೋ ಹೊಳಿ ತಿರುವು ಹಾಕಾಕ ಶುರು ಮಾಡೋದು ಯಾವಾಗ?

ಭೂಗೋಳ_ಮಾಸ್ತರ

ಮೆತ್ತನೆ ಮಣ್ಣಿನಲ್ಲಿ ಹರಿಯುವ ಹೊಳೆ ತನ್ನ ಅಗಲದ ಹತ್ತು ಪಟ್ಟು ದೂರ ನೆಟ್ಟಗೆ ಹರಿಯುವುದೇ ಅಪರೂಪ. ನೋಡಲು ನೆಟ್ಟಗಿದ್ದರೂ ಸೆಳವು ಒಳಗೊಳಗೇ ಆ ದಂಡೆ ಈ ದಂಡೆ ಎಂದು ವಾಲಾಡುತ್ತಿರುತ್ತದೆ. ಒಂದು ಮಡು, ಒಂದು ತೆಳು ನೀರಿನ ಜಾಗ, ಮತ್ತೆ ಮಡು. ಎರಡು ಮಡುಗಳ ನಡುವಿನ ಅಂತರ ಸಾಮಾನ್ಯವಾಗಿ ಹೊಳೆಯ ಅಗಲದ 5ರಿಂದ 7 ಪಟ್ಟು. ಬಿದ್ದ ಮರವೋ, ಬಂಡೆಯೋ, ಕುಸಿದ ದಂಡೆಯೋ ಸೆಳವನ್ನು ಒಂದು ಬದಿಗೆ ತಳ್ಳಿದರೆ ಸಾಕು, ಆ ಬದಿ ಕಡಿಯುತ್ತದೆ. ಕಡಿದದ್ದು ತಿರುವಾಗುತ್ತದೆ, ತಿರುವು ಸೆಳವನ್ನು ಇನ್ನಷ್ಟು ಅದೇ ಬದಿಗೆ ಎಸೆಯುತ್ತದೆ.

ಪೂರ್ತಿ ಬೆಳೆದ ಒಂದು ಜೋಡಿ ತಿರುವಿನ ಉದ್ದ (ಎಡಕ್ಕೊಂದು, ಬಲಕ್ಕೊಂದು) ಅಗಲದ 10ರಿಂದ 14 ಪಟ್ಟು. ಹಳ್ಳವಾಗಲಿ, ದೊಡ್ಡ ನದಿಯಾಗಲಿ, ಅನುಪಾತ ಹೆಚ್ಚುಕಡಿಮೆ ಇದೇ. ನೀರಿನ ದಾರಿಯ ಉದ್ದವನ್ನು ಎರಡು ತುದಿಗಳ ನೇರ ಅಂತರದಿಂದ ಭಾಗಿಸಿ ನೋಡಿ. 1.5 ದಾಟಿದರೆ ಅಂಕುಡೊಂಕಿನ ಹೊಳೆ ಎಂದು ಲೆಕ್ಕ.

ನಿಮ್ಮ ಎರಡನೇ ಪ್ರಶ್ನೆಗೆ ಬೇಕಾದ ಅಳತೆ ಇನ್ನೊಂದಿದೆ. ತಿರುವಿನ ತ್ರಿಜ್ಯ ಅಗಲದ 2ರಿಂದ 3 ಪಟ್ಟು ಇದ್ದಾಗ ದಂಡೆ ಅತಿ ವೇಗವಾಗಿ ಸರಿಯುತ್ತದೆ. ಅದಕ್ಕಿಂತ ಸಡಿಲ ತಿರುವು ನಿಧಾನ. ಅದಕ್ಕಿಂತ ಬಿಗಿಯಾದ ತಿರುವಿನಲ್ಲಿ ನೀರು ಒಳಬದಿಯಲ್ಲೇ ಸುಳಿ ಹಾಕಿ ತನ್ನ ಬಲ ತಾನೇ ಕಳೆದುಕೊಳ್ಳುತ್ತದೆ. ಅಂಥದ್ದು ಮುಂದೊಮ್ಮೆ ಮಹಾಪೂರದಲ್ಲಿ ಕುತ್ತಿಗೆ ಕಡಿದು ನೇರ ದಾರಿ ಹಿಡಿಯುತ್ತದೆ, ಬಿಟ್ಟ ತಿರುವು ಕುದುರೆ ಲಾಳದಾಕಾರದ ಕೆರೆಯಾಗಿ ಉಳಿಯುತ್ತದೆ. ಬಿಹಾರದ ಕಾಬರ್ ತಾಲ್ ಕೆರೆ ಹಾಗೆ ಬೂಢಿ ಗಂಡಕ ನದಿ ಬಿಟ್ಟುಹೋದ ತಿರುವು.

ಎರೆಮಣ್ಣು_ಧಾರವಾಡ

ಮಾಸ್ತರ ನೀರಿನ ಕಡೆಯಿಂದ ಹೇಳಿದರು. ಮಣ್ಣಿನ ಕಡೆಯಿಂದ ಸ್ವಲ್ಪ ಹೇಳುವುದಿದೆ, ಯಾಕಂದರೆ ನಮ್ಮ ಭಾಗದಲ್ಲಿ ದಂಡೆ ಕುಸಿಯುವ ರೀತಿಯೇ ಬೇರೆ.

ನೀರಿಗೆ ಅತಿ ಸುಲಭವಾಗಿ ಸಿಗುವುದು 0.2ರಿಂದ 0.5 ಮಿ.ಮೀ. ಗಾತ್ರದ ಉಸುಕು. ಎರೆ ಮಣ್ಣಿನ ಕಣ ಅದಕ್ಕಿಂತ ಎಷ್ಟೋ ಸಣ್ಣದು, ಆದರೂ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಅದನ್ನು ಎಬ್ಬಿಸಲು ಹೆಚ್ಚು ವೇಗ ಬೇಕು. ಹೀಗಾಗಿ ನೀವು ಹೇಳಿದಂಥ ದಂಡೆಯಲ್ಲಿ ಬುಡದ ಉಸುಕು ಮೊದಲು ಹೋಗುತ್ತದೆ. ಮೇಲಿನ ಎರೆ ಚಜ್ಜಾದ ಹಾಗೆ ಮುಂದಕ್ಕೆ ಚಾಚಿ ನಿಲ್ಲುತ್ತದೆ. ಇದು ಅರ್ಧ ಕಥೆ.

ಉಳಿದರ್ಧ ಬಿರುಕು. ಮಾರ್ಚ್‌ನಿಂದ ಮೇವರೆಗೆ ಎರೆಹೊಲ ಬಾಯಿಬಿಡುತ್ತದೆ. ದಂಡೆಯ ಅಂಚಿಗೆ ಸಮನಾಗಿ, ಅಂಚಿನಿಂದ ಒಂದು-ಎರಡು ಮೀಟರ್ ಒಳಗೆ ಉದ್ದಕ್ಕೆ ಓಡುವ ಬಿರುಕೇ ಅಪಾಯದ್ದು. ಮುಂಗಾರಿನ ಮೊದಲ ಮಳೆ ಅದರೊಳಗೆ ಇಳಿಯುತ್ತದೆ. ಹೊಳೆ ತುಂಬಿದಾಗ ಹೊರಗಿನ ನೀರೇ ದಂಡೆಗೆ ಆನಿಕೆ ಕೊಡುವುದರಿಂದ ಏನೂ ಆಗುವುದಿಲ್ಲ. ನೆರೆ ಇಳಿದ ಮೇಲೆ ನೋಡಿ. ಹೊರಗಿನ ಆನಿಕೆ ಹೋಯಿತು, ಒಳಗಿನ ಮಣ್ಣು ನೀರು ಕುಡಿದು ಭಾರವಾಗಿದೆ, ಹಿಂದೆ ಬಿರುಕು, ಬುಡದಲ್ಲಿ ಟೊಳ್ಳು. ಇಡೀ ಹೋಳು ಒಮ್ಮೆಲೇ ಕೆಳಗೆ ಕೂಡುತ್ತದೆ. ದಂಡೆ ಬಹಳಷ್ಟು ಸಲ ಬೀಳುವುದು ನೀರು ಇಳಿದ ಒಂದೆರಡು ದಿನಗಳಲ್ಲಿ. ನೆರೆ ಇಳಿಯಿತು ಎಂದು ಅಂಚಿಗೆ ಹೋಗಿ ನಿಲ್ಲಬೇಡಿ, ದನ ಬಿಡಬೇಡಿ, ಪಂಪ್‌ಸೆಟ್ ತರಲು ಇಳಿಯಬೇಡಿ.

ಕೈಯಿಂದಲೇ ಪರೀಕ್ಷೆ ಮಾಡಬಹುದು. ದಂಡೆಯ ಮೋರೆಯಿಂದ ಪದರಕ್ಕೊಂದು ಮುಷ್ಟಿ ಮಣ್ಣು ತೆಗೆದು ಒದ್ದೆ ಮಾಡಿ ಅಂಗೈಯಲ್ಲಿ ಶಾವಿಗೆಯ ಹಾಗೆ ಹೊಸೆಯಿರಿ. ತೆಳ್ಳಗೆ ಎಳೆ ಬಂದರೆ ಜೇಡಿ. ಉಂಡೆಯಾಗಿ, ಎಳೆ ಬಾರದೆ ಮುರಿದರೆ ರೇವೆ. ಉಂಡೆಯೂ ಆಗದೆ ಉದುರಿದರೆ ಉಸುಕು. ಆ ಉದುರುವ ಪದರ ಎಲ್ಲಿಂದ ಶುರುವಾಗುತ್ತದೋ ಅಲ್ಲಿಂದ ಕೆಳಗೆ ಕಾಪಾಡಬೇಕು.

ರಾಣೇಬೆನ್ನೂರು_ರೈತ

ನನ್ನ ಅಭಿಪ್ರಾಯ ಬ್ಯಾರೆ ಐತಿ. ಇಷ್ಟೆಲ್ಲಾ ಯಾಕ್ರಿ? ತಿರುವಿನ ಕುತ್ತಿಗಿ ಸಣ್ಣದಿದ್ರ ಜೆಸಿಬಿ ಹಚ್ಚಿ ನೆಟ್ಟಗ ಕಾಲುವಿ ತೋಡಿದ್ರ ಹೊಳಿ ಆ ದಾರಿ ಹಿಡೀತೈತಿ. ಹೊಲ ಉಳೀತೈತಿ.

ನಿವೃತ್ತ_ನೀರಾವರಿ_ಇಂಜಿನಿಯರ್

ದಯವಿಟ್ಟು ಇದಕ್ಕೆ ಕೈ ಹಾಕಬೇಡಿ ಸರ್. ಲೆಕ್ಕ ನೋಡಿ. ತಿರುವಿನ ಸುತ್ತ ನೀರಿನ ದಾರಿ 900 ಮೀಟರ್, ಕುತ್ತಿಗೆ 150 ಮೀಟರ್, ಆಚೆ ಈಚೆ ಮಟ್ಟದ ವ್ಯತ್ಯಾಸ 30 ಸೆಂ.ಮೀ. ಇದೆ ಎಂದು ಇಟ್ಟುಕೊಳ್ಳಿ. ಈಗ ಇಳಿಜಾರು 3,000ಕ್ಕೆ 1. ನೆಟ್ಟಗೆ ಕಡಿದರೆ 500ಕ್ಕೆ 1, ಅಂದರೆ ಆರು ಪಟ್ಟು. ಆಳ ಅಷ್ಟೇ ಇದ್ದರೆ ವೇಗ ಇಳಿಜಾರಿನ ವರ್ಗಮೂಲದಂತೆ ಏರುತ್ತದೆ, ಸುಮಾರು 2.4 ಪಟ್ಟು. ನೀರು ಉರುಳಿಸಬಲ್ಲ ಕಲ್ಲಿನ ತೂಕ ವೇಗದ ಆರನೇ ಘಾತದಂತೆ ಏರುತ್ತದೆ: ವೇಗ ಇಮ್ಮಡಿಯಾದರೆ ತೂಕ 64 ಪಟ್ಟು.

ಇಷ್ಟು ಬಲ ಸಿಕ್ಕ ನೀರು ಮೊದಲು ಹೊಸ ಕಾಲುವೆಯ ತಳ ಕಡಿಯುತ್ತದೆ. ಆ ಕಡಿತ ಮೆಟ್ಟಿಲಿನ ಹಾಗೆ ಹಿಂದಕ್ಕೆ, ಮೇಲ್ದಾರಿಗೆ ಸರಿಯುತ್ತಾ ಹೋಗುತ್ತದೆ. ಮೇಲಿನ ಊರುಗಳ ದಂಡೆಯ ಬುಡ ಬಯಲಾಗುತ್ತದೆ, ಸೇತುವೆ ಕಂಬದ ಬುಡವೂ ಬಯಲಾಗುತ್ತದೆ. ಕೆಳಗಿನವರಿಗೆ ಆ ಮಣ್ಣೆಲ್ಲ ಹೂಳಾಗಿ ಬಂದು ಬೀಳುತ್ತದೆ. ಅಮೆರಿಕದ ಮಿಸಿಸಿಪ್ಪಿಯಲ್ಲಿ 1930ರ ದಶಕದ ಆಸುಪಾಸಿನಲ್ಲಿ ಸರ್ಕಾರವೇ ತಿರುವುಗಳನ್ನು ಕಡಿದು ನದಿಯನ್ನು ಸುಮಾರು 240 ಕಿ.ಮೀ. ಮೊಟಕು ಮಾಡಿತು. ನದಿ ಮತ್ತೆ ಉದ್ದವಾಗಲು ದಂಡೆ ಕಡಿಯಲು ಹೊರಟಿತು, ಅದನ್ನು ತಡೆಯಲು ದಂಡೆಗೆ ಕಾಂಕ್ರೀಟ್ ಹಾಸುತ್ತಲೇ ಇರಬೇಕಾಯಿತು.

ಉಸುಕು ತೆಗೆದ ಗುಂಡಿಯೂ ಇದೇ ಕೆಲಸ ಮಾಡುತ್ತದೆ. ತಿರುವಿನ ಕೆಳಗೆ ತಳದಲ್ಲಿ 3 ಮೀಟರ್ ಗುಂಡಿ ಬಿದ್ದರೆ ಅದರ ಮೇಲಂಚು ಕುಸಿಯುತ್ತಾ ಹಿಂದಕ್ಕೆ ಬರುತ್ತದೆ. ದಂಡೆ ಮೊದಲು 5 ಮೀಟರ್ ಎತ್ತರ ಇದ್ದದ್ದು ಲೆಕ್ಕಕ್ಕೆ 7-8 ಮೀಟರ್ ಆಗುತ್ತದೆ. ಅಷ್ಟು ಎತ್ತರದ ಕಡಿದಾದ ಮಣ್ಣಿನ ಗೋಡೆ ನಿಲ್ಲುವುದಿಲ್ಲ. ದಂಡೆ ಕುಸಿತದ ದೂರು ಬಂದಲ್ಲಿ ಮೊದಲು ಕೆಳದಾರಿಯ ಒಂದೆರಡು ಕಿ.ಮೀ. ತಳ ನೋಡಿ ಬನ್ನಿ ಎಂದು ಹೇಳುವುದು ಇದಕ್ಕೇ.

ರಾಣೇಬೆನ್ನೂರು_ರೈತ

ಆರು ಪಟ್ಟು ಇಳಿಜಾರಾಗತೈತಿ ಅನ್ನೋದು ಲಕ್ಷ್ಯಕ್ಕ ಬಂದಿರಲಿಲ್ಲ ಸರ್. ಮಾತು ವಾಪಸ್ ತಗೊಂಡೆ. ಹಂಗಾರ ಕಲ್ಲು ಹೆಂಗ ಹಾಕಬೇಕು?

ನಿವೃತ್ತ_ನೀರಾವರಿ_ಇಂಜಿನಿಯರ್

ಕಲ್ಲು ಎಲ್ಲಿವರೆಗೆ ಇಳಿಯಬೇಕು ಎಂಬುದೇ ಮೊದಲ ಲೆಕ್ಕ. ನೆರೆಯಲ್ಲಿ ಹೊಳೆ ಎಷ್ಟು ಆಳ ಕೊರೆಯುತ್ತದೆ ಎಂದು ಅಂದಾಜು ಮಾಡುವ ಲೇಸಿ ಸೂತ್ರ ನಮ್ಮಲ್ಲಿ ಇಂದಿಗೂ ಬಳಕೆಯಲ್ಲಿದೆ. ತಳದ ಉಸುಕಿನ ಸರಾಸರಿ ಗಾತ್ರದ (ಮಿ.ಮೀ.) ವರ್ಗಮೂಲವನ್ನು 1.76ರಿಂದ ಗುಣಿಸಿ, ಅದು ಹೂಳಿನ ಗುಣಾಂಕ. 0.32 ಮಿ.ಮೀ. ಉಸುಕಿಗೆ ಸರಿಸುಮಾರು 1 ಬರುತ್ತದೆ. ಮಹಾಪೂರದ ಹರಿವನ್ನು (ಸೆಕೆಂಡಿಗೆ ಘನ ಮೀಟರ್) ಆ ಗುಣಾಂಕದಿಂದ ಭಾಗಿಸಿ, ಘನಮೂಲ ತೆಗೆದು 0.473ರಿಂದ ಗುಣಿಸಿ. ಹರಿವು 1,000 ಎಂದು ಉದಾಹರಣೆಗೆ ಇಟ್ಟುಕೊಂಡರೆ 4.73 ಮೀಟರ್.

ಇದು ಸರಾಸರಿ ಆಳ. ನೆಟ್ಟಗಿನ ಜಾಗಕ್ಕೆ 1.25ರಿಂದ, ಸಾಧಾರಣ ತಿರುವಿಗೆ 1.5ರಿಂದ, ಬಿಗಿ ತಿರುವಿಗೆ 1.75ರಿಂದ, ಮೂಲೆ ತಿರುಗಿದಂಥ ತಿರುವಿಗೆ 2ರಿಂದ ಗುಣಿಸಬೇಕು. ಬಿಗಿ ತಿರುವು ಅಂದರೆ 8.3 ಮೀಟರ್, ಅದೂ ಮಹಾಪೂರದ ಮಟ್ಟದಿಂದ ಕೆಳಕ್ಕೆ. ಬೇಸಿಗೆಯಲ್ಲಿ ಕಾಣುವ ತಳ ಮಹಾಪೂರದ ಮಟ್ಟದಿಂದ 5 ಮೀಟರ್ ಕೆಳಗಿದ್ದರೆ, ನೆರೆಯ ಹೊತ್ತಿನಲ್ಲಿ ಅದರಿಂದಲೂ 3.3 ಮೀಟರ್ ಆಳ ಕೊರೆಯುತ್ತದೆ. ನೀರು ಇಳಿಯುವಾಗ ಆ ಗುಂಡಿಯನ್ನು ಹೊಳೆಯೇ ಉಸುಕಿನಿಂದ ಮುಚ್ಚಿಬಿಡುವುದರಿಂದ ಬೇಸಿಗೆಯಲ್ಲಿ ನೋಡಿದವರಿಗೆ ಅದು ಗೊತ್ತೇ ಆಗುವುದಿಲ್ಲ. ಮೇಲಿಂದ ಸುರಿದ ಕಲ್ಲು ಎರಡು ವರ್ಷಕ್ಕೆ ಹೋಗುವುದರ ಗುಟ್ಟು ಇಷ್ಟೇ. ಕಲ್ಲು ನಿಂತದ್ದು ಬೇಸಿಗೆ ತಳದ ಮೇಲೆ, ಆ ತಳವೇ ನೆರೆಯಲ್ಲಿ ಜಾಗ ಬಿಡುತ್ತದೆ.

ಪರಿಹಾರ: ದಂಡೆಯ ಬುಡದಿಂದ ಹೊಳೆಯ ಒಳಕ್ಕೆ ಕಲ್ಲಿನ ಹಾಸು, ಇಲಾಖೆಯ ಭಾಷೆಯಲ್ಲಿ ಏಪ್ರನ್. ಅಗಲ ಆ ಹೆಚ್ಚುವರಿ ಆಳದ ಒಂದೂವರೆ ಪಟ್ಟು, ಇಲ್ಲಿ ಸುಮಾರು 5 ಮೀಟರ್. ತಳ ಕೊರೆದಂತೆ ಹಾಸಿನ ಕಲ್ಲು ಒಂದೊಂದೇ ಜಾರಿ ಇಳಿಜಾರಿಗೆ ತಾನೇ ಹೊದಿಕೆಯಾಗುತ್ತದೆ. ಅದನ್ನು ಸಿಮೆಂಟಿನಿಂದ ಕಟ್ಟಬಾರದು, ಕಟ್ಟಿದರೆ ಜಾರದೆ ಮುರಿದು ಬೀಳುತ್ತದೆ. ದಂಡೆಯ ಮೋರೆಯನ್ನು ಒಂದಕ್ಕೆ ಎರಡು ಇಳಿಜಾರಿಗೆ ತಂದು, 15 ಸೆಂ.ಮೀ. ಜಲ್ಲಿಯ ಪದರ ಅಥವಾ ಜಿಯೋಟೆಕ್ಸ್‌ಟೈಲ್ (ನೀರು ಬಿಟ್ಟು ಮಣ್ಣು ತಡೆಯುವ) ಬಟ್ಟೆ ಹಾಸಿ, ಅದರ ಮೇಲೆ ಪಿಚಿಂಗ್, ಅಂದರೆ ಕಲ್ಲಿನ ಹೊದಿಕೆ. ಈ ಪದರ ಬಿಟ್ಟರೆ ದಂಡೆಯೊಳಗಿನ ನೀರು ಹೊರಬರುವಾಗ ಕಲ್ಲಿನ ಸಂದಿಯಿಂದ ಉಸುಕು ಸೋರಿ ಕಲ್ಲು ಒಳಕ್ಕೆ ಕುಸಿಯುತ್ತದೆ. ಕಲ್ಲು ತೂಕಕ್ಕೆ 40 ಕೆ.ಜಿ.ಗಿಂತ ಕಡಿಮೆ ಬೇಡ. ತಂತಿ ಜಾಲರಿಯ ಗೇಬಿಯನ್ ಪೆಟ್ಟಿಗೆಯಾದರೆ ಸಣ್ಣ ಕಲ್ಲೂ ನಡೆಯುತ್ತದೆ, ಆದರೆ ಕಲ್ಲು ಜಾಲರಿಯ ಕಣ್ಣಿಗಿಂತ ದೊಡ್ಡದಿರಬೇಕು.

ಇದು ಒಬ್ಬ ರೈತ ಮಾಡುವ ಕೆಲಸವಲ್ಲ, ಇಲಾಖೆಯ ಅನುಮತಿ ಇಲ್ಲದೆ ಮಾಡಲೂ ಬಾರದು. ಒಬ್ಬರ ಹೊಲದ ಮುಂದಷ್ಟೇ 50 ಮೀಟರ್ ಕಟ್ಟಿದರೆ ಕಲ್ಲು ಮುಗಿದ ತುದಿಯಲ್ಲಿ ಸುಳಿ ಎದ್ದು ಪಕ್ಕದವರ ಹೊಲ ಹೋಗುತ್ತದೆ. ತಿರುವು ಶುರುವಾಗುವಲ್ಲಿಂದ ಮುಗಿಯುವವರೆಗೆ, ಎರಡೂ ತುದಿಯನ್ನು ದಂಡೆಯ ಒಳಕ್ಕೆ ಹುಗಿದು, ಒಂದೇ ಯೋಜನೆಯಾಗಿ ಕೇಳಬೇಕು. ತಿರುವಿನ ಎಲ್ಲ ಹೊಲದವರೂ ಒಂದೇ ಅರ್ಜಿಗೆ ಸಹಿ ಹಾಕಿ.

ಎರೆಮಣ್ಣು_ಧಾರವಾಡ

ಇಂಜಿನಿಯರ್ ಸರ್ ಹೇಳಿದ್ದು ಬುಡದ ಮಾತು. ಮೇಲಿನ ಭಾಗ ರೈತರ ಕೈಯಲ್ಲೇ ಇದೆ. ಅಂಚಿನಿಂದ 10 ಮೀಟರ್ ಉಳುಮೆ ನಿಲ್ಲಿಸಿ. ಹೊಲದ ಮಳೆನೀರು ದಂಡೆಯ ಮೇಲಿಂದ ಧುಮುಕದಂತೆ ಬದು ಹಾಕಿ, ಒಂದೇ ಕಡೆ ಕಲ್ಲು ಹಾಸಿದ ದಾರಿಯಲ್ಲೋ ಪೈಪಿನಲ್ಲೋ ಇಳಿಸಿ. ಕೊರಕಲು ಶುರುವಾಗುವುದು ಆ ಧುಮುಕುವ ಜಾಗದಲ್ಲೇ.

ಆ ಪಟ್ಟಿಯಲ್ಲಿ ಲಾವಂಚ ಹಚ್ಚಿ. ಜೂನ್-ಜುಲೈನಲ್ಲಿ, ಬುಡಕ್ಕೆ 2-3 ಕಡ್ಡಿ ಇರುವ ಸಸಿ, ಗಿಡದಿಂದ ಗಿಡಕ್ಕೆ 10ರಿಂದ 15 ಸೆಂ.ಮೀ., ಇಳಿಜಾರಿಗೆ ಅಡ್ಡಲಾಗಿ ಸಾಲು, ಸಾಲಿನಿಂದ ಸಾಲಿಗೆ ಎತ್ತರದಲ್ಲಿ 1 ಮೀಟರ್ ಅಂತರ. ಬೇರು 2-3 ಮೀಟರ್ ನೆಟ್ಟಗೆ ಕೆಳಗಿಳಿಯುತ್ತದೆ. ಮೊದಲ ಮೂರು ತಿಂಗಳು ದನ-ಆಡು ಬಿಡದಂತೆ ನೋಡಿಕೊಂಡರೆ ಆಮೇಲೆ ತಾನೇ ನಿಲ್ಲುತ್ತದೆ. ಲಕ್ಕಿ, ಹೊಂಗೆ, ಹೊಳೆಮತ್ತಿಯನ್ನು ಹಿಂದಿನ ಸಾಲಿಗೆ ಇಡಿ. ತೀರ ಅಂಚಿಗೆ ದೊಡ್ಡ ಮರ ಬೇಡ, ಬುಡ ಕಡಿದಾಗ ಮರ ಬೀಳುತ್ತಾ ದಂಡೆಯ ದೊಡ್ಡ ಹೆಂಟೆಯನ್ನೇ ಕಿತ್ತುಕೊಂಡು ಹೋಗುತ್ತದೆ. ಬೇಸಿಗೆ ನೀರಿನ ಮಟ್ಟಕ್ಕಿಂತ ಕೆಳಗೆ ಯಾವ ಬೇರೂ ಹಿಡಿಯುವುದಿಲ್ಲ, ಅಲ್ಲಿ ಕಲ್ಲೇ ಬೇಕು.

ರೋಣ_ಹೊಳೆಸಾಲು

ವರದಾದ ಮಾತು ಕೇಳಿ ಮಲಪ್ರಭಾದ ಕಡೇದೂ ಒಂದು ಸೇರಸ್ತೀನ್ರಿ, ಇಲ್ಲಿ ರೋಗ ಉಲ್ಟಾ ಐತಿ. ನವಿಲುತೀರ್ಥದಾಗ ಹೊಳಿ ಗುಡ್ಡ ಸೀಳಿ ಹೊರಗ ಬರತೈತಿ. ಅಲ್ಲಿ ಎರಡೂ ಕಡೆ ಬಂಡಿ, ತಿರುವು ಸರಿಯೂ ಮಾತ ಇಲ್ಲ. ಅಲ್ಲೇ ಅಣೆಕಟ್ಟು ಕಟ್ಟ್ಯಾರ, 37.73 ಟಿಎಂಸಿ ಸಾಮರ್ಥ್ಯ. ಕೆಳಗ ನರಗುಂದ, ರೋಣ ತಾಲೂಕಿನ ಬಯಲಿಗೆ ಬಂದ ಮ್ಯಾಲ ಎರಿ ನೆಲ.

ಅಣೆಕಟ್ಟು ಆದ ಮ್ಯಾಲ ಎಷ್ಟೋ ವರ್ಷ ದೊಡ್ಡ ನೀರ ಬರೂದಿಲ್ಲ. ಹೊಳಿ ತನ್ನ ಪಾತ್ರ ತಾನ ತೊಳಕೊಳ್ಳೋದು ದೊಡ್ಡ ನೀರಿನ್ಯಾಗ. ಅದು ತಪ್ಪಿದ್ರ ಒಳಗ ಬಳ್ಳಾರಿ ಜಾಲಿ ಬೆಳೀತೈತಿ, ಜಾಲಿ ಬುಡಕ್ಕ ಹೂಳು ಕೂಡತೈತಿ, ಹೂಳಿನ ಮ್ಯಾಲ ಪೀಕು ಬರತೈತಿ. ಪಾತ್ರ ಕಿರಿದಾಗತೈತಿ. 2019ರ ಆಗಸ್ಟ್‌ನಾಗ ಆಣೆಕಟ್ಟಿನಿಂದ ಒಮ್ಮೆಲೆ ದೊಡ್ಡ ನೀರ ಬಿಟ್ಟಾಗ ಕೊಣ್ಣೂರು, ಹೊಳೆಆಲೂರು ಕಡೆ ನೀರ ಊರಿಗೆ ನುಗ್ಗಿದ್ದಕ್ಕ ಇದೂ ಒಂದು ಕಾರಣ. ಅದರಾಗ ಬೆಣ್ಣಿಹಳ್ಳ ರೋಣ ತಾಲೂಕಿನ್ಯಾಗ ಮಲಪ್ರಭಾಕ್ಕ ಬಂದು ಕೂಡತೈತಿ. ಹೊಳಿ ತುಂಬಿದ್ರ ಹಳ್ಳದ ನೀರಿಗೆ ಹೋಗಾಕ ಜಾಗ ಇಲ್ಲ, ಹಿಂದಕ್ಕ ಒತ್ತತೈತಿ. ಹುಬ್ಬಳ್ಳಿ, ನವಲಗುಂದ ಕಡೆ ಮಳಿ ಜೋರಾದ್ರ ಈ ಒತ್ತು ಇನ್ನೂ ಹೆಚ್ಚು.

ಇಲ್ಲಿ ದಂಡಿ ಕಟ್ಟೂದಲ್ಲ, ಪಾತ್ರಕ್ಕ ಅದರ ಅಗಲ ವಾಪಸ್ ಕೊಡೂದ ಔಷಧ.

ಭೂಗೋಳ_ಮಾಸ್ತರ

ಬಹಳ ಮುಖ್ಯವಾದ ಮಾತು ರೋಣದವರೇ. ಇದರ ದೊಡ್ಡ ರೂಪ ನೇಪಾಳದಿಂದ ಬಿಹಾರಕ್ಕೆ ಹರಿಯುವ ಕೋಸಿ ನದಿಯಲ್ಲಿ ಕಾಣುತ್ತದೆ. ಎರಡೂ ಬದಿ ಒಡ್ಡು ಕಟ್ಟಿದ್ದರಿಂದ ಹೂಳೆಲ್ಲ ಒಡ್ಡುಗಳ ನಡುವೆಯೇ ಕೂತು, ಹೊಳೆಯ ತಳ ಅಕ್ಕಪಕ್ಕದ ನೆಲಕ್ಕಿಂತ ಎತ್ತರಕ್ಕೆ ಬಂತು. 2008ರ ಆಗಸ್ಟ್ 18ರಂದು ನೇಪಾಳದ ಕುಸಹಾ ಬಳಿ ಒಡ್ಡು ಒಡೆದು, ನದಿ ಸುಮಾರು 120 ಕಿ.ಮೀ. ಪೂರ್ವದ ತನ್ನ ಹಳೆಯ ಜಾಡು ಹಿಡಿಯಿತು. ತಿರುವು ವರ್ಷಕ್ಕಿಷ್ಟು ಎಂದು ಸರಿಯುವುದು ಬೇರೆ, ಹೀಗೆ ಒಮ್ಮೆಲೇ ಜಾಡು ಬಿಡುವುದು ಬೇರೆ. ಮೊದಲನೆಯದನ್ನು ಅಳೆಯಬಹುದು, ಎರಡನೆಯದಕ್ಕೆ ತಳದ ಎತ್ತರ ನೋಡುತ್ತಿರಬೇಕು.

ಭೂಮಾಪನ_ಗದಗ

ಅಳೆಯುವ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ.

ಹಳೆಯ ಜಾಡು ತಿಳಿಯಲು ಗ್ರಾಮ ನಕಾಶೆ ಮತ್ತು ಸರ್ವೆ ನಂಬರಿನ ಟಿಪ್ಪಣಿ ತೆಗೆಸಿ. ನಕಾಶೆಯಲ್ಲಿ ಹೊಳೆಯ ಅಂಚು ಸರ್ವೆ ಆದ ಕಾಲದ್ದು. ಸರ್ವೆ ಆಫ್ ಇಂಡಿಯಾದ 1:50,000 ಹಾಳೆಗಳಲ್ಲಿ ಹಾವೇರಿ ಕಡೆಯದು 48 ಎನ್, ಹುಬ್ಬಳ್ಳಿ-ಗದಗ ಕಡೆಯದು 48 ಎಂ ಸರಣಿ. ಗೂಗಲ್ ಅರ್ಥ್‌ನಲ್ಲಿ ಹಿಂದಿನ ವರ್ಷಗಳ ಚಿತ್ರ ನೋಡುವಾಗ ಒಂದೇ ತಿಂಗಳ ಚಿತ್ರಗಳನ್ನೇ ಹೋಲಿಸಿ. ಅಕ್ಟೋಬರ್ ಚಿತ್ರವನ್ನು ಏಪ್ರಿಲ್ ಚಿತ್ರದ ಜೊತೆ ಇಟ್ಟರೆ ನೀರಿನ ಅಂಚು ಬದಲಾದದ್ದೇ ದಂಡೆ ಸರಿದಂತೆ ಕಾಣುತ್ತದೆ. ನೀರಿನ ಗೆರೆ ಬಿಡಿ, ದಂಡೆಯ ಮೇಲಂಚಿನ ಗೆರೆ ಹಿಡಿಯಿರಿ.

ಶತಮಾನಗಳ ಲೆಕ್ಕಕ್ಕೆ ಗುಡಿಗಳೇ ಗುರುತು ಕಲ್ಲು. ವರದಾ-ತುಂಗಭದ್ರಾ ಕೂಡುವ ಗಳಗನಾಥದಲ್ಲಿ 11ನೇ ಶತಮಾನದ ಗಳಗೇಶ್ವರ ಗುಡಿ ಹೊಳೆಯ ಮಗ್ಗುಲಲ್ಲೇ ನಿಂತಿದೆ. ಅಂದಮೇಲೆ ಅಷ್ಟು ಕಾಲದಲ್ಲಿ ಹೊಳೆ ಆ ಗೆರೆ ದಾಟಿ ಬಂದಿಲ್ಲ. ಬನವಾಸಿಯನ್ನು ವರದೆ ಮೂರು ಕಡೆ ಸುತ್ತಿಯೂ ಊರು ಉಳಿದಿದೆ. ಎಲ್ಲ ತಿರುವೂ ಓಡುವುದಿಲ್ಲ.

ಈಗಿನ ಲೆಕ್ಕಕ್ಕೆ: 10-12 ಮಿ.ಮೀ. ದಪ್ಪ, 1 ಮೀಟರ್ ಉದ್ದದ ಕಬ್ಬಿಣದ ಸರಳನ್ನು ದಂಡೆಯ ಮೋರೆಗೆ ಅಡ್ಡಲಾಗಿ ಹೊಡೆಯಿರಿ, ತುದಿ 5 ಸೆಂ.ಮೀ. ಮಾತ್ರ ಹೊರಗಿರಲಿ. 20 ಮೀಟರಿಗೊಂದು ಸಾಲು, ಸಾಲಿಗೆ ಮೇಲೆ-ನಡು-ಬುಡ ಮೂರು. ನೆರೆ ಇಳಿದು ವಾರ ಕಳೆದ ಮೇಲೆ ಎಷ್ಟು ಬಯಲಾಗಿದೆ ಅಳೆಯಿರಿ. ಸರಳೇ ಹೋಗಿದ್ದರೆ ಸುಮಾರು 1 ಮೀಟರ್ ಅಥವಾ ಅದಕ್ಕೂ ಹೆಚ್ಚು ಹೋಗಿದೆ ಎಂದರ್ಥ. ಅದಕ್ಕೇ ಹೊಲದೊಳಗೆ ಬಾವಿಯನ್ನೋ ಬಾಂದುಕಲ್ಲನ್ನೋ ಗುರುತು ಮಾಡಿ, ಅಲ್ಲಿಂದ ಅಂಚಿನವರೆಗಿನ ದೂರವನ್ನೂ ಟೇಪಿನಿಂದ ಬರೆದಿಡಬೇಕು. 200 ಮೀಟರ್ ದಂಡೆ 1 ಮೀಟರ್ ಹಿಂದೆ ಸರಿದರೆ ಹತ್ತಿರ ಹತ್ತಿರ 2 ಗುಂಟೆ ಹೋಯಿತು.

ಹೋದ ನೆಲ ಪಹಣಿಯಿಂದ ತಾನಾಗಿ ಕಡಿಮೆಯಾಗುವುದಿಲ್ಲ. ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಅಳತೆ ಮಾಡಿಸಬೇಕು. ಹಾಗೆಯೇ ಎದುರು ದಂಡೆಗೆ ಬಿದ್ದ ಹೊಸ ಉಸುಕಿನ ದಿಬ್ಬವೂ ತಾನಾಗಿ ಪಕ್ಕದವರ ಪಹಣಿಗೆ ಸೇರುವುದಿಲ್ಲ. ಹೊಳೆ-ಹಳ್ಳದ ಜಾಗ ಬ ಖರಾಬು (ಸಾಗುವಳಿಗೆ ಸೇರದ ಸಾರ್ವಜನಿಕ ಜಾಗ), ಅದರಲ್ಲಿ ಪೀಕು ತೆಗೆದರೂ ಹಕ್ಕು ಹುಟ್ಟುವುದಿಲ್ಲ.

ಹೊಳಿದಂಡಿ_ಹಾವೇರಿ

ಎಲ್ಲಾರಿಗೂ ಭಾಳ ಉಪಕಾರ್ರೀ. ಸರಳು ಹೊಡಿಯೋದಕ್ಕ ಒಂದು ಕೇಳೂದೈತಿ. ತಿರುವಿನ ನಟ್ಟ ನಡುವ ಹೊಡದ್ರ ಸಾಕೋ, ಉದ್ದಕ್ಕೂ ಬೇಕೋ?

ಭೂಗೋಳ_ಮಾಸ್ತರ

ಉದ್ದಕ್ಕೂ ಬೇಕು, ಕೆಳದಾರಿಯ ಕಡೆ ಇನ್ನೂ ಹೆಚ್ಚು ಬೇಕು. ಸೆಳವು ತಿರುವಿಗೆ ಬಂದ ಕೂಡಲೇ ಹೊರದಂಡೆಗೆ ಹೊಡೆಯುವುದಿಲ್ಲ, ಬಂದ ದಿಕ್ಕಿನಲ್ಲೇ ತುಸು ದೂರ ಸಾಗಿ ಆಮೇಲೆ ಹೊಡೆಯುತ್ತದೆ. ಹೀಗಾಗಿ ಅತಿ ಹೆಚ್ಚು ಕಡಿತ ತಿರುವಿನ ನೆತ್ತಿ ದಾಟಿದ ಮೇಲೆ. ತಿರುವು ಪಕ್ಕಕ್ಕೆ ಬೆಳೆಯುವುದರ ಜೊತೆಗೆ ಕೆಳದಾರಿಗೂ ಜರಗುವುದು ಇದೇ ಕಾರಣಕ್ಕೆ. ಈಗ ನೆತ್ತಿಯಿಂದ 50-60 ಮೀಟರ್ ಕೆಳಗೆ ಗಟ್ಟಿಯಾಗಿ ಕಾಣುವ ದಂಡೆಯಿದ್ದರೆ ಅಲ್ಲಿಗೂ ಈ ಮೇ ತಿಂಗಳಲ್ಲೇ ಸರಳು ಹೊಡೆದಿಡಿ, ಅಲ್ಲಿನ ಹೊಲದವರನ್ನೂ ಅರ್ಜಿಗೆ ಸೇರಿಸಿಕೊಳ್ಳಿ.